ಒಂದು ‘ರಿ’ಗೆ ಐದು ಶೇಂಗಾ

ಆಗೆಲ್ಲ ನಮ್ಮೂರು ಸಂತಪುರದಲ್ಲಿ ಹೊರಗಿನವರ ಮುಂದೆ ‘ರಿ’ ಹಚ್ಚದೆ ಯಾರೂ ಮಾತು ಮುಗಿಸುತ್ತಿರಲಿಲ್ಲ. ಹೌದ್ರಿ, ಇಲ್ರಿ, ಬರ್ರಿ, ಕುಂಡ್ರಿ. ಔರಾದಿನಿಂದ ಬರುವ ಬಸ್ಸಿನ ಕಂಡಕ್ಟರನಿಗೂ ರಿ, ಕುರಿ ಕೊಳ್ಳಲು ಬಂದ ವ್ಯಾಪಾರಿಗೂ ರಿ. ಈ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಒಂದಕ್ಷರ ನನ್ನ ಅಕ್ಕನ ದಾರಿಗೆ ಅಡ್ಡ ಕೂತ ಬೇಸಿಗೆಯೊಂದಿತ್ತು. ನನಗಾಗ ಹತ್ತು ವರ್ಷ.

ಅಕ್ಕನ ಹೆಸರು ಕಸ್ತೂರಿ, ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಕುರಿ ಕಾಯ್ದು, ಮಳೆ ನಂಬಿ ತೊಗರಿ ಬೆಳೆದ ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಕಂಡವಳು ಅವಳೇ. ಬೀದರಿನಲ್ಲಿ ನರ್ಸಿಂಗ್ ಮುಗಿಸಿ ಅಲ್ಲೇ ಒಂದು ಆಸ್ಪತ್ರೆಯಲ್ಲಿ ದುಡಿಯುತ್ತಿದ್ದಳು. ಒಂದು ದಿನ, ಆಸ್ಟ್ರೇಲಿಯಾಕ್ಕೆ ಹೋಗಿ ಮುಂದೆ ಓದುತ್ತೇನೆ ಎಂದಳು.

ಅಪ್ಪನಿಗೆ ಆ ದೇಶ ಗೊತ್ತಿದ್ದದ್ದು ಟಿವಿಯ ಕ್ರಿಕೆಟ್ಟಿನಿಂದ. “ಆ ಹಳದಿ ಅಂಗಿಯವರ ಊರೇನವಾ? ಅಲ್ಲೇನೇನು ಅದ?”

“ಅಲ್ಲೂ ಕುರಿ ಅವ ಅಪ್ಪಾ. ಮಂದಿಗಿಂತ ಜಾಸ್ತಿ ಅವ ಅಂತ.”

“ಹಂಗಿದ್ರ ಕುರಿ ನೋಡಾಕ ಅಷ್ಟು ದೂರ ಯಾಕ? ನಮ್ಮವೇ ಸಾಕಷ್ಟು ಅವ,” ಎಂದು ಅಪ್ಪ ನಕ್ಕ. ಬೇಡ ಅಂತ ಮಾತ್ರ ಅನ್ನಲಿಲ್ಲ.

ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆಯೊಂದು ಪಾಸಾಗಬೇಕಿತ್ತು. ಮೊದಲ ಸಲ ಬರೆಯುವುದು, ಓದುವುದು ಎಲ್ಲ ಸರಿಹೋಗಿ, ಮಾತಿನಲ್ಲಿ ಬಿದ್ದಳು. ಎದುರಿಗೆ ಕೂತ ಪರೀಕ್ಷಕ ಕೇಳಿದ್ದಕ್ಕೆಲ್ಲ ‘ಯೆಸ್ ರಿ’, ‘ಐ ಆಮ್ ಫ್ರಮ್ ಔರಾದ್ ರಿ’ ಎಂದು ಬಾಯಿಗೆ ಬಂತಂತೆ. ಪ್ರತಿ ‘ರಿ’ಗೂ ತಾನೇ ಬೆಚ್ಚಿ ಮುಂದಿನ ಮಾತು ಮರೆತಳಂತೆ. ಮರೆಯದೆ ಏನು ಮಾಡ್ಯಾಳು? ಹೊರಗಿನ ದೊಡ್ಡವರೊಬ್ಬರು ಎದುರಿಗೆ ಕೂತಿರುವಾಗ ‘ರಿ’ ಇಲ್ಲದೆ ಉತ್ತರ ಕೊಟ್ಟರೆ ನಮ್ಮ ಮನೆಯಲ್ಲಿ ಬೆನ್ನಿಗೆ ಏಟು ಬೀಳುತ್ತಿತ್ತು.

ಎರಡನೆಯ ಸಲದ ಪರೀಕ್ಷೆಗೆ ಮೊದಲು ಒಂದು ತಿಂಗಳು ರಜೆ ಹಾಕಿ ಊರಿಗೆ ಬಂದಳು. ಅವಳಿಗೆ ಪ್ರಶ್ನೆ ಕೇಳುವವರು ಬೇಕಿತ್ತು. ಅವಳನ್ನು ಬಿಟ್ಟರೆ ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೇ. ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಹಾಳೆ ನನ್ನ ಕೈಗೆ ಕೊಟ್ಟಳು. “ನೀ ಸಾಹೇಬ, ನಾ ಪರೀಕ್ಷಾದಾಕಿ. ನನ್ನ ಬಾಯಿಂದ ‘ರಿ’ ಬಂದ್ರ ತಟ್ಟನೆ ಹಿಡೀಬೇಕು. ಒಂದು ‘ರಿ’ಗೆ ಐದು ಶೇಂಗಾ.”

ಮಧ್ಯಾಹ್ನ ಅಂಗಳದ ಬೇವಿನ ನೆರಳಿಗೆ ಕುರಿಗಳೂ ನಾವೂ ಸೇರುತ್ತಿದ್ದೆವು. ಉಣ್ಣೆಯ ಬೆವರುವಾಸನೆ, ಉದುರಿದ ಬೇವಿನ ಹೂವಿನ ವಾಸನೆ, ಅವ್ವ ಹಂಚಿನ ಮೇಲೆ ಹುರಿದ ಶೇಂಗಾದ ವಾಸನೆ. ಗೆಳತಿಯರು ಚೌಕಾಬಾರ ಆಡಲು ಕರೆದರೆ, “ನಾ ಸಾಹೇಬ ಆಗೇನಿ, ಬರಂಗಿಲ್ಲ,” ಎನ್ನುತ್ತಿದ್ದೆ. ಅರ್ಥವಾಗದ ಪ್ರಶ್ನೆಗಳನ್ನು ಗತ್ತಿನಿಂದ ಓದುತ್ತಿದ್ದೆ. ಮೊದಲ ವಾರ ಎಷ್ಟು ಶೇಂಗಾ ತಿಂದೆನೆಂದರೆ ರಾತ್ರಿ ರೊಟ್ಟಿ ಸೇರುತ್ತಿರಲಿಲ್ಲ. “ನಿನ್ನ ಅಕ್ಕ ಪಾಸಾಗೂದರೊಳಗ ನನ್ನ ಡಬ್ಬಿ ಖಾಲಿ ಆಗ್ತದ,” ಎಂದು ಅವ್ವ ಗೊಣಗುತ್ತಿದ್ದಳು. ಹದಿನಾಲ್ಕು ವರ್ಷದ ಅಂತರದಲ್ಲಿ ಅಕ್ಕ ನನಗೆ ಅಷ್ಟೊಂದು ಸಿಕ್ಕಿದ್ದು ಆ ತಿಂಗಳಲ್ಲೇ.

ಒಂದು ದಿನ ನಾನು ಕೇಳಿದ ಪ್ರಶ್ನೆಗೆ ಅವಳು ಬಹಳ ಉದ್ದದ ಉತ್ತರ ಕೊಟ್ಟಳು. ಮುಖ ಬೆಳಗಿತ್ತು. “ಏನಂದಿ ಅಕ್ಕಾ?” ಎಂದೆ.

“ಓದು ಮುಗದ ಮ್ಯಾಲ ಏನ್ ಮಾಡ್ತಿ ಅಂತ ಕೇಳಿದಿ. ಅಲ್ಲೇ ದವಾಖಾನಿಯಾಗ ನೌಕರಿ ಹಿಡೀತೇನಿ ಅಂದೆ. ಓದಿದವರಿಗೆ ಅಲ್ಲಿ ಇರಾಕ ಬಿಡ್ತಾರ.”

“ಮತ್ತ ಮನಿಗಿ?”

“ಬರ್ತೇನಲ್ಲ, ರಜಾದಾಗ.”

ಅಲ್ಲಿಯವರೆಗೆ ನಾನು, ಅಕ್ಕ ಬೀದರಿಗೆ ಹೋಗಿ ಬಂದಂತೆ ಆಸ್ಟ್ರೇಲಿಯಾಕ್ಕೂ ಹೋಗಿ ಬರುತ್ತಾಳೆ ಎಂದೇ ತಿಳಿದಿದ್ದೆ.

ಮರುದಿನದಿಂದ ಅವಳ ‘ರಿ’ಗಳನ್ನು ಹಿಡಿಯುವುದು ಬಿಟ್ಟೆ. ಬಾಯಲ್ಲಿ ಹಾಗೇ ಉಳಿಯಲಿ, ಮತ್ತೆ ಬೀಳಲಿ, ಇಲ್ಲೇ ಇರಲಿ ಎಂದು. ಶೇಂಗಾ ಮುಂದಿದ್ದರೂ ಕೈ ಚಾಚಲಿಲ್ಲ. ಎರಡು ದಿನ ಹಾಗೇ ನಡೆಯಿತು.

ಮೂರನೆಯ ದಿನ ಅಕ್ಕ ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. “ಹದಿನೇಳು ಬಿಟ್ಟೀದಿ. ನಾ ಎಣಸೇನಿ.”

“ಕೇಳಸ್ಲಿಲ್ಲ.”

“ಅವ್ವ ಬೆಲ್ಲದ ಡಬ್ಬಿ ತೆಗೆದ್ರ ಓಣಿ ತುದಿಗಿ ಕೇಳಸ್ತದ ನಿನಗ.”

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಶರಣಿ, ಇಲ್ಲಿ ನೋಡು. ನಾ ಬಿದ್ರ ಇಲ್ಲೇ ಇರ್ತೇನಿ, ಖರೇ. ಆದ್ರ ಬಿದ್ದಾಕಿಯಾಗಿ ಇರ್ತೇನಿ. ಅಂಥ ಅಕ್ಕ ಬೇಕೇನು ನಿನಗ?”

ಬೇಕು ಎನ್ನುವುದೇ ನನ್ನ ಮನಸ್ಸಿನಲ್ಲಿತ್ತು. ಅವಳು ಹಾಳೆಯನ್ನು ವಾಪಸು ನನ್ನ ತೊಡೆಯ ಮೇಲಿಟ್ಟು ಕಾದಳು. ಬಹಳ ಹೊತ್ತಿನ ಮೇಲೆ ಪ್ರಶ್ನೆ ಓದಿದೆ. ಅವಳ ಮೂರನೆಯ ಮಾತಿನ ಕೊನೆಗೆ ಅದು ಬಂತು.

“ರಿ,” ಎಂದೆ.

ಅಕ್ಕ ಐದು ಶೇಂಗಾ ಎಣಿಸಿ ಅಂಗೈಗೆ ಹಾಕಿದಳು. ಕೊನೆಯ ದಿನ ಎಲ್ಲ ಪ್ರಶ್ನೆಗಳೂ ಮುಗಿದವು, ಒಂದೇ ಒಂದು ಶೇಂಗಾ ನನಗೆ ಸಿಗಲಿಲ್ಲ. ಹೈದರಾಬಾದಿಗೆ ಹೋಗಿ ಪರೀಕ್ಷೆ ಕೊಟ್ಟು ಪಾಸಾದಳು.

ಆಸ್ಟ್ರೇಲಿಯಾದಲ್ಲಿ ಎರಡು ವರ್ಷ ಓದಿ, ಹೇಳಿದಂತೆ ಅಲ್ಲೇ ನೌಕರಿ ಹಿಡಿದಳು. ಈಗ ಅವಳ ಕೈಕೆಳಗೆ ಎಂಟ್ಹತ್ತು ಜನ ನರ್ಸುಗಳಿದ್ದಾರೆ. ನಮ್ಮ ಮನೆಯ ಎರಡನೆಯ ಪದವಿ ನನ್ನದು. ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅಕ್ಷರವಿಲ್ಲದ ಮನೆಯಿಂದ ಬಂದು ಇಬ್ಬರು ಹೆಣ್ಣುಮಕ್ಕಳು ಇಷ್ಟು ಮಾಡಿದ್ದು ಸಣ್ಣದಲ್ಲ, ಆ ಹೆಮ್ಮೆಯನ್ನು ನಾನು ಮುಚ್ಚಿಡುವವಳೂ ಅಲ್ಲ. ಅಂದು ನಾನು ‘ರಿ’ ಎಂದದ್ದು ಸರಿಯೇ ಇತ್ತು. ಆದರೂ ಆ ಎರಡು ದಿನ ಬಾಯಿ ಮುಚ್ಚಿ ಕೂತ ಹುಡುಗಿಗೆ ತಪ್ಪು ಎನ್ನಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.

ಅಕ್ಕ ಮೊದಲ ಸಲ ರಜೆಗೆ ಬಂದದ್ದು ನಾಲ್ಕು ವರ್ಷದ ಮೇಲೆ. ನಮ್ಮ ಮನೆಯಲ್ಲಿ ಮನೆಯವರು ಕೊಡದಿಂದ ತಾವೇ ನೀರು ಮೊಗೆದು ಕುಡಿಯುತ್ತಾರೆ. ತಟ್ಟೆಯ ಮೇಲೆ ತಂಬಿಗೆ ಇಟ್ಟು ತಂದುಕೊಡುವುದು ಬೀಗರಿಗೆ, ದೂರದ ನೆಂಟರಿಗೆ. ಅಕ್ಕ ಬಂದು ಕುರ್ಚಿಯ ಮೇಲೆ ಕೂತಾಗ ಅವ್ವ ಒಳಗಿನಿಂದ ನೀರು ತಂದಳು. ಯಾರೂ ಹೇಳಿರಲಿಲ್ಲ, ಅವ್ವನಿಗೂ ಗೊತ್ತಾಗಲಿಲ್ಲ. ತಂಬಿಗೆಯ ಕೆಳಗೆ ತಟ್ಟೆ ಇತ್ತು. ಅಕ್ಕ ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೀರು ಕುಡಿದು, ತಂಬಿಗೆಯನ್ನು ಸಪ್ಪಳವಾಗದ ಹಾಗೆ ಆ ತಟ್ಟೆಯ ಮೇಲೇ ಇಟ್ಟಳು.