ಹಸಿ ಕಣ

ಗಣಿಯ ಹುಚ್ಚು ನೆತ್ತಿಗೇರಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ನಮ್ಮ ಮನೆಯಲ್ಲಿ ಧೂಳು ಕಾಣದ ಜಾಗವೆಂದರೆ ಹೆಂಡತಿಯ ತಗಡಿನ ಟ್ರಂಕೊಂದೇ ಎಂದು ನಂಬಿದ್ದೆ. ನಮಗೆ ಪ್ರತಿ ವರ್ಷ ಜೋಳ ತಂದುಕೊಡುವ ಹುಲಿಗೆಮ್ಮ, ಸಂಡೂರು ರಸ್ತೆಯ ಒಂದು ಹಳ್ಳಿಯವಳು, ಆ ದಿನ ಬಂದಿದ್ದಳು. ಅವಳಿಗೆ ಉಡಿ ತುಂಬಲೆಂದು ಹೆಂಡತಿ ಟ್ರಂಕು ತೆರೆದು ಹಸಿರು ಕುಪ್ಪಸದ ಕಣವೊಂದನ್ನು ಕೊಡವಿದಳು. ಮಡಿಕೆಯಿಂದ ಕೆಂಪು ಪುಡಿ ಉದುರಿತು.

"ಕೀಲಿ ಹಾಕಿದ್ರೂ ಒಳಗ ಬಂದೈತಿ ನೋಡ್ರಿ. ಸಂಡೂರು ಗುಡ್ಡಕ್ಕ ನಮ್ಮನಿ ಕೀಲಿ ಕೊಟ್ಟೋರ್ಯಾರು?" ಎಂದಳು ಹೆಂಡತಿ.

"ನಿಮ್ದು ಟ್ರಂಕಿಗೆ ಬಂದೈತ್ರಿ ಅಮ್ಮಾರ, ನಮ್ದು ತಾಟಿಗೇ ಬಂದೈತಿ" ಎಂದು ಹುಲಿಗೆಮ್ಮ ಚೀಲದ ಬಾಯಿ ಬಿಚ್ಚಿದಳು. ಜೋಳ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಕಾರಣ ಸರಳ. ಡಾಂಬರು ರಸ್ತೆ ಬಂದ ಮೇಲೆ ಅವರ ಊರಿನವರು ಒಕ್ಕಣೆಯ ಕಣ ಮಾಡುವುದನ್ನೇ ಬಿಟ್ಟಿದ್ದರು. ತೆನೆಯನ್ನು ರಸ್ತೆಗೆ ಹಾಸಿದರೆ ಸಾಕು, ಹೋಗಿ ಬರುವ ಗಾಡಿಗಳೇ ತುಳಿದು ಒಕ್ಕುತ್ತಿದ್ದವು. ಈಗ ಹಗಲಿಡೀ ಅದಿರಿನ ಲಾರಿಗಳು. ಒಕ್ಕುವುದೂ ಅವೇ, ಕೆಂಪು ಬಳಿಯುವುದೂ ಅವೇ. ಬೀಸಿದ ಹಿಟ್ಟಿನ ರೊಟ್ಟಿ ಹಲ್ಲಿಗೆ ಕರಕರ ಎನ್ನುತ್ತಿತ್ತು. ಆದ್ದರಿಂದ ಊರಿನ ಹೆಂಗಸರು ಪಾಳು ಬಿದ್ದಿದ್ದ ಹಳೆಯ ಊರೊಟ್ಟಿನ ಕಣವನ್ನು ಮತ್ತೆ ಸಾರಿಸಲು ನಿರ್ಧರಿಸಿದ್ದರು. ಆದರೆ ಅದು ರಸ್ತೆಯ ಪಕ್ಕದ ಜಾಗ. ಅದಿರು ಸಾಗಿಸುವ ಗುತ್ತಿಗೆದಾರನೊಬ್ಬನಿಗೆ ರಾಶಿ ಹಾಕಲು ಅದೇ ಬೇಕಾಗಿತ್ತು. "ಖಾಲಿ ಜಾಗ" ಎಂದು ಹೇಳಿಕೊಂಡು ಓಡಾಡುತ್ತಿದ್ದ.

"ಸೋಮವಾರ ಮುಂಜಾನೆ ಲಾರಿ ತರ್ತಾರಂತ. ಪೇಪರಿನೋರು ಅಂತೀರಿ, ಬಂದು ಕಣ್ಲೆ ನೋಡ್ರಿ" ಎಂದು ಹೇಳಿ ಹುಲಿಗೆಮ್ಮ ಉಡಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ಅವಳು ಹೋದ ಮೇಲೂ "ಕಣ" ಎಂಬ ಆ ಎರಡಕ್ಷರ ನನ್ನನ್ನು ಬಿಡಲಿಲ್ಲ. ಪತ್ರಿಕೆಯ ಮೇಜಿನಲ್ಲಿ ಬಹಳ ವರ್ಷ ಕುಳಿತವನಿಗೆ ಅಂಟುವ ರೋಗವಿದು, ಗೆಳೆಯರೇ: ಸುದ್ದಿ ಬಂದರೆ ಮೂಲ ಕೇಳುವುದು, ಪದ ಬಂದರೂ ಮೂಲ ಕೇಳುವುದು. ಅವಳ ಉಡಿಯಲ್ಲಿದ್ದ ಕಣ ಮರಾಠಿಯ ಕಡೆಯಿಂದ ಬಂದದ್ದು. ಅಲ್ಲಿ ಅದು ಖಣ, ನಮ್ಮ ನಾಲಗೆ ಆ ಮಹಾಪ್ರಾಣವನ್ನು ಇಳಿಸಿ ಹಗುರಾಗಿಸಿಕೊಂಡಿದೆ. ಮಡಿಕೆಯಿಂದ ಉದುರಿದ ಧೂಳಿನ ಕಣ ಸಂಸ್ಕೃತದ್ದು. ಅವರು ಸಾರಿಸಹೊರಟ ಕಣವೋ ನೆಲದ್ದು, ತಮಿಳಿನ ಕಳಕ್ಕೂ ತೆಲುಗಿನ ಕಳ್ಳಕ್ಕೂ ಒಡಹುಟ್ಟು. ಅದೇ ಹಿಂದೆ ಯುದ್ಧಭೂಮಿಗೂ ಹೆಸರಾಗಿ, ಈಗ ಗಣಿಯ ಹಣದಲ್ಲಿ ಮಿಂದ ಚುನಾವಣೆಗಳಿಗೂ ಹೆಸರಾಗಿದೆ. ತಮಿಳರು ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ ಬಳಸುವುದರಿಂದ ಅವರ ಬರಹದಲ್ಲಿ ಕ್ಷಣವೂ ಗಣವೂ "ಕಣಂ" ಎಂಬ ಒಂದೇ ರೂಪದಲ್ಲಿ ನಿಲ್ಲುತ್ತವೆ. ರೋಮನ್ ಲಿಪಿಯಲ್ಲಿ ಬರೆದು ಸಮುದ್ರ ದಾಟಿಸಿದರಂತೂ ಅದು ಫಿನ್ಲೆಂಡಿನಲ್ಲಿ ಕೋಳಿ, ಜಪಾನಿನಲ್ಲಿ ಲಿಪಿ, ಸ್ವಾಹಿಲಿ ಆಡುವ ಪೂರ್ವ ಆಫ್ರಿಕಾದಲ್ಲಿ "ನಿರಾಕರಿಸು".

ಒಂದೇ ವೇಷ ತೊಟ್ಟವರೆಲ್ಲ ಒಂದೇ ತಾಯಿಯ ಮಕ್ಕಳೆಂದು ಸಾಧಿಸುವ ಸೋಮಾರಿ ಪಾಂಡಿತ್ಯಕ್ಕೆ ನಾನು ಮಣೆ ಹಾಕುವುದಿಲ್ಲ. ನನಗೆ ಮುಖ್ಯವೆನಿಸಿದ್ದು ಬೇರೆ. ಇಷ್ಟು ಜನ ಒಂದೇ ಎರಡಕ್ಷರದೊಳಗೆ ಬಾಳುತ್ತಿದ್ದಾರೆ, ಆದರೆ ಆಮೇಲೆ ಬಂದವರು ಮೊದಲಿದ್ದವರನ್ನು ಹೊರಹಾಕಿಲ್ಲ. ಸಂಸ್ಕೃತದ ಕಣ ಬಂತೆಂದು ನೆಲದ ಕಣ ಜಾಗ ಖಾಲಿ ಮಾಡಲಿಲ್ಲ. ನಿಘಂಟಿನಲ್ಲಿ "ಖಾಲಿ ಜಾಗ" ಎಂಬುದೇ ಇಲ್ಲ. ಬಳಸುವವರು ಕೆಲಕಾಲ ಮರೆತರೂ ಪದ ತನ್ನ ಮನೆಯಲ್ಲೇ ಇರುತ್ತದೆ, ಕರೆದಾಗ ಎದ್ದು ಬರುತ್ತದೆ. ನೆಲಕ್ಕೂ ಆ ಹಕ್ಕು ಇರಬಾರದೇಕೆ? ಹಂಪಿಗೆ ಬಂದವರು ಮುರಿದ ಕಂಬಗಳ ನಡುವೆ ದನಿ ತಗ್ಗಿಸಿ ನಡೆಯುತ್ತಾರೆ, ಯಾರೂ ಅದನ್ನು ಖಾಲಿ ಜಾಗ ಎನ್ನುವುದಿಲ್ಲ. ಜೋಳ ಒಕ್ಕಿದ ನೆಲಕ್ಕೆ ಮಾತ್ರ ಆ ಗೌರವ ಸಲ್ಲದೆಂದರೆ ನಾನು ಒಪ್ಪಲಾರೆ.

ಸೋಮವಾರ ಬೆಳಿಗ್ಗೆ ಹೋದೆ. ಹೆಂಗಸರು ಸೆರಗು ಸಿಕ್ಕಿಸಿ, ಮೊಣಕಾಲೂರಿ, ಸಗಣಿ ಸಾರಿಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ನಡುವೆ, ಒಕ್ಕುವ ಎತ್ತುಗಳನ್ನು ಕಟ್ಟಿ ಸುತ್ತಿಸಲು, ಹೊಸ ಮೇಟಿಕಂಬ ನೆಟ್ಟಿತ್ತು. ಅಂಚಿನಲ್ಲಿ ಚಪ್ಪಲಿಗಳ ಸಾಲು. ಆ ಸೀಮೆಯಲ್ಲಿ ಒಂದು ಕಟ್ಟಳೆಯಿದೆ: ಸಾರಿಸಿದ ಕಣ ಒಣಗುವತನಕ ಅದನ್ನು ಯಾರೂ ತುಳಿಯಬಾರದು. ಊರಗೌಡನಿರಲಿ, ಎತ್ತಿರಲಿ, ಸಾರಿಸಿದವರೇ ಇರಲಿ, ತುಳಿದರೆ ತುಳಿದವರ ಮನೆಯ ರಾಶಿ ಬರಿದಾಗುತ್ತದೆ ಎಂಬ ನಂಬಿಕೆ.

ಲಾರಿ ಬಂತು. ಗುತ್ತಿಗೆದಾರನ ಸೂಪರ್‌ವೈಸರ್ ಇಳಿದು ಕೈ ಬೀಸಿದ. "ನಡೀಲೇ ಪಂಪಾಪತಿ, ಒಳಗ ತಗೊಂಡು ಸುರುವು."

ಚಾಲಕ ಪಂಪಾಪತಿ ಕಂಪ್ಲಿಯವನು. ಕಿಟಕಿಯಿಂದ ಕತ್ತು ಹಾಕಿ ನೆಲ ನೋಡಿದ. ಎಂಜಿನ್ ಆರಿಸಿದ.

"ಸರ್, ಹಸಿ ಐತಿ."

"ಹಸಿ ಇದ್ರೇನಲೇ, ಲಾರಿಗೆ ನೆಗಡಿ ಬರ್ತೈತೇನು?"

"ಲಾರಿಗಲ್ರೀ, ನನಗ ಬರ್ತೈತಿ. ಹಸಿ ಕಣ ತುಳದೀನಿ ಅಂದ್ರ ನಮ್ಮವ್ವ ಮನಿಯಾಗ ಕರಕಳ್ಳಂಗಿಲ್ಲ."

ಹೆಂಗಸರು ನಕ್ಕರು. ಸೂಪರ್‌ವೈಸರನಿಗೆ ಸಿಟ್ಟು ಬಂದು, "ದಾರಿ ಬಿಡ್ರಿ, ಇದು ಖಾಲಿ ಬಿದ್ದ ಜಾಗ" ಎಂದು ಕೂಗಿದ.

ಹುಲಿಗೆಮ್ಮ ಎದ್ದು ನಿಂತಳು. ಮೊಣಕೈವರೆಗೂ ಸಗಣಿ. "ಬರ್ರಿ ಸಾಹೇಬ್ರ, ಬ್ಯಾಡ ಅಂದೋರ್ಯಾರು? ಕಣದಾಗ ಕಾಲಿಡೋರು ಚಪ್ಲಿ ಬಿಡ್ಬೇಕು, ಅಷ್ಟ. ಮೊದಲ ಲಾರಿದು ಚಪ್ಲಿ ಬಿಚ್ಚಸ್ರಿ, ಆಮ್ಯಾಲೆ ತರ್ರಿ."

ಈ ಸಲ ಪಂಪಾಪತಿಯೂ ನಕ್ಕುಬಿಟ್ಟ. ಸೂಪರ್‌ವೈಸರ್ ತಾನೇ ಸ್ಟೇರಿಂಗ್ ಹಿಡಿಯುವವನಂತೆ ಲಾರಿಯ ಕಡೆಗೆ ಹೊರಟ. ಆದರೆ ದಾರಿ ಇದ್ದದ್ದು ಕಣದ ಅಂಚಿನಲ್ಲಿ. ಅವನು ಹಸಿ ನೆಲ ಮುಟ್ಟದಂತೆ ತುದಿಗಾಲಲ್ಲಿ ಸುತ್ತಿ ನಡೆಯುವುದನ್ನು ನಾವೆಲ್ಲ ನೋಡಿದೆವು. ಅದನ್ನು ಅವನೂ ಗಮನಿಸಿಕೊಂಡ. ಪಾಪ, ಅವನಿಗೂ ಎಲ್ಲೋ ಒಂದು ಕಣವಿದ್ದಿರಬೇಕು. ಕ್ಯಾಬಿನ್ನಿನ ಬಾಗಿಲು ಹಿಡಿದು, ಚಾಲಕನ ಪಕ್ಕದ ಸೀಟು ಹತ್ತಿದ.

"ಇವತ್ತು ಹೋಗ್ತೀನಿ. ನಾಳೆ ಒಣಗಿರ್ತೈತಲ್ಲ, ನಾಳೆ ಬರ್ತೀನಿ" ಎಂದ.

"ಬರ್ರಿ" ಎಂದಳು ಹುಲಿಗೆಮ್ಮ, ಮತ್ತೆ ಮೊಣಕಾಲೂರುತ್ತ. "ನಾಳೆನೂ ಸಾರಸ್ತೀವಿ."

ಸಾರಿಸಿದರು. ಮರುದಿನವೂ, ಅದರ ಮರುದಿನವೂ. ಮನೆಮನೆಯಿಂದ ಸಗಣಿ ಬಂತು, ಸಾಲದಾದಾಗ ಪಕ್ಕದ ಊರಿನಿಂದ ಬಂತು. ಚಾಲಕರು ಬದಲಾದರು, ಆದರೆ ಬಂದವರೆಲ್ಲ ಈ ಸೀಮೆಯ ಒಂದಲ್ಲ ಒಂದು ಕಣದ ಮಕ್ಕಳೇ. ಒಬ್ಬೊಬ್ಬರೂ ಅಂಚಿಗೆ ಬಂದು ಎಂಜಿನ್ ಆರಿಸಿದರು. ತೆನೆ ಹಣ್ಣಾಗುವತನಕ ಆ ಕಣವನ್ನು ಅವರು ಒಣಗಗೊಡಲಿಲ್ಲ. ಗುತ್ತಿಗೆದಾರ ಬೇರೆ ಜಾಗ ನೋಡಿಕೊಂಡ. ಆ ಬೇರೆ ಜಾಗವೂ ಯಾರದೋ ನೆಲವೇ ಎಂಬುದನ್ನು ನಾನು ಮರೆತಿಲ್ಲ, ಮರೆಸುವುದೂ ಇಲ್ಲ.

ಒಕ್ಕಣೆಯ ದಿನ ಮೇಟಿಕಂಬದ ಬುಡದಲ್ಲಿ ರಾಶಿ ನಿಂತಿತು. ಪಕ್ಕದ ರಸ್ತೆಯಲ್ಲಿ ಲಾರಿಗಳು ಎಂದಿನಂತೆ ಕೆಂಪೆಬ್ಬಿಸುತ್ತ ಹೋಗುತ್ತಿದ್ದವು. ಗಾಳಿ ಬಂದಾಗಲೆಲ್ಲ ಹೆಂಗಸರು ಸೆರಗು ಹರಡಿ ಹಿಡಿದು ಪರದೆಯಂತೆ ರಸ್ತೆಯ ಕಡೆಗೆ ಸಾಲಾಗಿ ನಿಲ್ಲುತ್ತಿದ್ದರು, ಬೆನ್ನು ಲಾರಿಗೆ, ಮುಖ ಜೋಳಕ್ಕೆ. ಬೆನ್ನುಗಳು ಕೆಂಪಾದವು. ಜೋಳ ಬೆಳ್ಳಗೇ ಉಳಿಯಿತು.