ನಾಯಿಗೆ ಮೇಷ್ಟ್ರನ್ನು ಹುಡುಕಿದ್ದು

ನಮ್ಮ ನಾಯಿ ಕಚ್ಚುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತೀರ್ಥಹಳ್ಳಿ ಕಡೆ ಈಗಲೂ ಕೆಲವರು, ತಲೆ ನೆರೆತವರು, "ನಿಮ್ಮನೇಲಿ ಒಂದು ಕಚ್ಚೋ ನಾಯಿ ಇತ್ತಲ್ಲ" ಅಂತ ಶುರು ಮಾಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅದು ಹಿಡಿಯುತ್ತಿತ್ತು, ಅಷ್ಟೆ. ಹೊಸಬರು ಅಂಗಳಕ್ಕೆ ಕಾಲಿಟ್ಟರೆ ಬೊಗಳದೆ, ಗುರ್ರೆನ್ನದೆ, ಹಿಂದಿನಿಂದ ಹೋಗಿ ಪಂಚೆಯ ಅಂಚನ್ನು ಬಾಯಲ್ಲಿ ಹಿಡಿದು ನಿಂತುಬಿಡುತ್ತಿತ್ತು. ಬಂದವರು ಸುಮ್ಮನೆ ನಿಂತರೆ ಅದೂ ಸುಮ್ಮನೆ. ಅವರು ಓಡಿದರೆ ಪಂಚೆ ಮಾತ್ರ ಓಡುತ್ತಿರಲಿಲ್ಲ.

ಅದಕ್ಕೊಂದು ಹೆಸರಿತ್ತು. ನಮ್ಮ ಹತ್ತಿರದ ನೆಂಟರೊಬ್ಬರ ಹೆಸರೂ ಅದೇ ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ಅದಕ್ಕೆ ಹಾಲು ಕುಡಿಸಿ, ಆಮೇಲೆ ಹಾಲನ್ನ ಕಲಸಿ ತಿನ್ನಿಸಿದವಳು ನಾನು. ನಾನು "ಬಿಡು" ಅಂದರೆ ಬಿಡುತ್ತಿತ್ತು. ಬೇರೆ ಯಾರು ಅಂದರೂ ಕೇಳುತ್ತಿರಲಿಲ್ಲ. ನಾನು ಮನೆಯಲ್ಲಿ ಓಡಾಡಿಕೊಂಡಿದ್ದ ದಿನಗಳಲ್ಲಿ ಬಾಗಿಲಲ್ಲಿ ನಿಂತು ಒಂದು "ಬಿಡು" ಎಸೆದರೆ ಮುಗಿಯಿತು. ಹಾಗಾಗಿ ಬಹಳ ಕಾಲ ಅದೊಂದು ತೊಂದರೆ ಅಂತಲೇ ಯಾರಿಗೂ ಅನ್ನಿಸಿರಲಿಲ್ಲ.

ತೊಂದರೆ ಶುರುವಾದದ್ದು ನನಗೆ ಗಂಡು ನೋಡಲು ಹೊರಟ ಮೇಲೆ. ಗಂಡಿನ ಕಡೆಯವರು ಬರುವ ದಿನ ನಾನು ಸೀರೆಯುಟ್ಟು, ಹೂ ಮುಡಿದು, ಕರೆಯುವವರೆಗೆ ಒಳಮನೆಯಲ್ಲಿ ಗೊಂಬೆಯ ಹಾಗೆ ಕೂತಿರಬೇಕು. ಅಂಗಳದಲ್ಲಿ ಏನೇ ಆಗಲಿ, ಹೊರಗೆ ತಲೆ ಹಾಕುವ ಹಾಗಿಲ್ಲ. ಮೊದಲ ಸಲ ಬಂದವರಲ್ಲಿ ಗಂಡಿನ ಸೋದರಮಾವ ಜಗಲಿ ಹತ್ತಿದಾಗ ಅವರ ಪಂಚೆ ಅಂಗಳದಲ್ಲೇ ಉಳಿದಿತ್ತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತ ಮನುಷ್ಯ ಹೆಣ್ಣು ಹೇಗೆ ನೋಡಿಯಾನು? ಅವರು ಕಾಫಿ ಕೂಡ ಕುಡಿಯದೆ ಹೋದರು. ಮುಂದಿನವರು ಬಂದಾಗ ಕಟ್ಟಿಹಾಕಿ ನೋಡಿದರು, ಹಗ್ಗ ಕಡಿದುಕೊಂಡು ಬಂತು. ಅವರೂ ಹಾಗೇ ಹೋದರು.

"ನಾಯಿ ಇರ್ಬೇಕು, ಇಲ್ಲ ಇವ್ಳ ಮದ್ವೆ ಆಗ್ಬೇಕು. ಎರಡೂ ಆಗಲ್ಲ" ಅಂತ ಅಜ್ಜಿ ಫೈಸಲ್ ಮಾಡಿಬಿಟ್ಟಳು. ಮೇಗರವಳ್ಳಿಯ ಕಡೆ ನಮಗೊಬ್ಬ ಶಿಕಾರಿ ನೆಂಟನಿದ್ದ. ಹಂದಿ ಮೇಲೆ ಬಿಡಲು ಅವನಿಗೆ ಯಾವಾಗಲೂ ನಾಯಿ ಬೇಕು, ಯಾಕೆಂದರೆ ಅವನ ಹತ್ತಿರ ಯಾವ ನಾಯಿಯೂ ಬಹಳ ದಿನ ಬಾಳುತ್ತಿರಲಿಲ್ಲ. ನಮ್ಮದನ್ನು ಅವನಿಗೆ ಕಳಿಸುವುದು ಅಂತಾಯಿತು. ನಾನು ಊಟ ಬಿಟ್ಟೆ. ಅಪ್ಪಯ್ಯನಿಗೂ ಒಳಗೊಳಗೇ ಸಂಕಟ. ಕೊನೆಗೆ ಅವರು ಒಂದು ದಾರಿ ತೆಗೆದರು: ನಾಯಿ ಪಳಗಿಸುವುದರಲ್ಲಿ ಪಳಗಿದವರೊಬ್ಬರನ್ನು ಹುಡುಕಿ ತರುವುದು. ಅವರಿಂದಲೂ ಆಗದಿದ್ದರೆ ಮೇಗರವಳ್ಳಿಯೇ ಗತಿ.

"ಯಾರೂ ಬ್ಯಾಡ ಅಪ್ಪಯ್ಯ, ಅವ್ರು ಬಂದಾಗ ನಾನೇ ಹೊರಗೆ ಬಂದು ಬಿಡು ಅಂತೀನಿ" ಅಂದೆ.

"ಚೆನ್ನಾಗಿರ್ತದೆ! ನೋಡಕ್ಕೆ ಬಂದೋರ ಮುಂದೆ ಹೆಣ್ಣು ಅಂಗಳಕ್ಕೆ ಬಂದು ನಾಯಿ ಬಿಡ್ಸಾದು! ಜಗಲಿ ಕಡೆ ಬಂದೀಯ ಮತ್ತೆ" ಅಂತ ಗದರಿದರು.

ಅಪ್ಪಯ್ಯನಿಗೆ ಯಾರನ್ನೇ ಗೊತ್ತು ಮಾಡಬೇಕಾದರೂ ಗೊತ್ತಿದ್ದದ್ದು ಒಂದೇ ವಿಧಾನ, ಸಂಬಂಧ ವಿಚಾರಿಸುವ ವಿಧಾನ. ಹೇಳದೆ ಕೇಳದೆ ಹೋಗಬೇಕು. ಬಾವಿಕಟ್ಟೆ, ಕೊಟ್ಟಿಗೆ ಹೇಗಿದೆ ನೋಡಬೇಕು. ಆ ಮನುಷ್ಯನನ್ನು ಏನೂ ಕೇಳಬಾರದು, ನೆರೆಕರೆಯವರನ್ನು ಕೇಳಬೇಕು. ತೀರ್ಥಹಳ್ಳಿಯಲ್ಲಿ ಹಿಂದೆ ಸರ್ಕಸ್ಸಿನಲ್ಲಿದ್ದವನೊಬ್ಬನಿದ್ದ. ಅವನು ಮನೆಯೊಳಗೆ ಕಾಲಿಟ್ಟ ಕೂಡಲೇ ಅವನದೇ ನಾಯಿ ಮಂಚದಡಿ ಸೇರಿತಂತೆ. "ಅವ್ನ ಕೈಗೆ ನಮ್ದನ್ನ ಕೊಡಾದಾ? ಥೂ" ಅಂತ ಅಪ್ಪಯ್ಯ ಬಂದುಬಿಟ್ಟರು. ಸಾಗರದ ಹತ್ತಿರ ತೋಟದ ಮನೆಯ ಯಜಮಾನರೊಬ್ಬರು ನಾಯಿಗೆ ನಮಸ್ಕಾರ ಮಾಡುವುದನ್ನೂ ಕಲಿಸಿದ್ದಾರೆಂದು ಸುದ್ದಿ ಬಂತು. ಅಲ್ಲಿಗೆ ಹೋದರೆ ಊಟಕ್ಕೆ ಕೂತ ಅಪ್ಪಯ್ಯನ ಎಲೆಗೇ ಆ ನಾಯಿ ಬಾಯಿ ಹಾಕಿತು. "ಅದು ಇನ್ನೂ ಕಲಿತಾ ಇದ್ದು" ಅಂದರಂತೆ ಮನೆಯಾಕೆ, ಬೇರೆ ಎಲೆ ಹಾಕುತ್ತಾ.

ಆಮೇಲೆ ಹೊಸನಗರದ ಕಡೆ ಒಂದು ಹಳ್ಳಿಯಿಂದ ವರ್ತಮಾನ ಬಂತು. ಮಿಲಿಟರಿಯಲ್ಲಿ ನಾಯಿಗಳ ವಿಭಾಗದಲ್ಲಿದ್ದ ಹುಡುಗನೊಬ್ಬ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ ಅಂತ. ಅಪ್ಪಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೊಡೆ ಹಿಡಿದು ಹೊರಟರು. ಆ ಊರಿನ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಹೋಟೆಲ್. ಅಲ್ಲಿ ಕೂತು, ಕಾಫಿ ಹೇಳಿ, ನಿಧಾನಕ್ಕೆ ಕೇಳಿದರು: "ಆ ಮಿಲಿಟ್ರಿ ಹುಡ್ಗ ಹೆಂಗೆ?"

ನೀವೇ ಹೇಳಿ. ಗೊತ್ತಿಲ್ಲದ ಊರಿನ ಗೌಡರೊಬ್ಬರು ಬಿಳಿ ಪಂಚೆಯಲ್ಲಿ ಬಂದು, ಮದುವೆಯಾಗದ, ತಂದೆತಾಯಿಯಿಲ್ಲದ ಹುಡುಗನನ್ನು ವಿಚಾರಿಸಿದರೆ ಊರು ಏನಂದುಕೊಳ್ಳುತ್ತದೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆಯೇ ಇದೆ. ಆ ಊರಿನವರು ಒಳ್ಳೆಯವರು, ಸಾವಿರಕ್ಕೂ ತಯಾರಾದರು.

"ಬಂಗಾರದಂಥ ಹುಡ್ಗ" ಅಂದರು ಹೋಟೆಲಿನವರು.

"ಸಿಟ್ಟು, ಹೊಡೆಯಾದು ಬಡಿಯಾದು?"

"ಅಯ್ಯೋ, ಇರುವೆ ತುಳಿಯಲ್ಲ ಮಾರಾಯ್ರೆ."

"ನಾಯಿ ಪಳಗ್ಸಾದ್ರಲ್ಲಿ ಗಟ್ಟಿಗ ಅಂತಾರಲ್ಲ, ಹೌದಾ?"

ಹೆಣ್ಣಿನ ತಂದೆಗೆ ಇಂಥ ಆಸೆ ಯಾಕಿರಬೇಕು ಅಂತ ಹೋಟೆಲಿನವರಿಗೆ ಅರ್ಥವಾಗಲಿಲ್ಲವಂತೆ. ಆದರೆ ಬೇಡ ಅನ್ನುವುದು ಯಾಕೆ? "ನಾಯಿ ಎಂಥದು, ಹುಲೀನೂ ಪಳಗಿಸ್ತಾನೆ" ಅಂದುಬಿಟ್ಟರು. ಪಕ್ಕದ ಬೆಂಚಿನಲ್ಲಿ ಕೂತಿದ್ದವರೂ ತಲೆ ಹಾಕಿದರು. ಅಪ್ಪಯ್ಯ ಖುಷಿಯಾಗಿ, "ಬರೋ ಗುರುವಾರ ನಮ್ಮನೆಗೆ ಬರಕ್ಕೆ ಹೇಳಿ" ಅಂತ ಮನೆಯ ಗುರುತು ಹೇಳಿ, ಹುಡುಗನ ಮುಖವನ್ನೂ ನೋಡದೆ ಬಸ್ಸು ಹತ್ತಿದರು. ಬಸ್ಸು ತಿರುವು ದಾಟುವ ಮೊದಲೇ ಅವನಿಗೆ ಸುದ್ದಿ ಮುಟ್ಟಿತ್ತು: ನಿನ್ನನ್ನು ನೋಡಲು ತೀರ್ಥಹಳ್ಳಿಯಿಂದ ಬಂದಿದ್ದರು, ಗುರುವಾರ ಹೆಣ್ಣು ನೋಡಲು ಹೋಗಬೇಕು.

ಗುರುವಾರ ಬಂದ. ಹೊಸ ಅಂಗಿ, ಗೆರೆ ಬರುವ ಹಾಗೆ ಇಸ್ತ್ರಿ ಮಾಡಿದ ಪ್ಯಾಂಟು. ಅಂದು ಬರುವವನು ನಾಯಿಯ ಮೇಷ್ಟ್ರು ತಾನೆ, ನನಗೆ ಸೀರೆ ಹೂವು ಯಾವುದೂ ಇರಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನಾಯಿ ಎದ್ದು ಅವನ ಹಿಂದೆ ಹೋಯಿತು. ಪ್ಯಾಂಟಿನ ಸುತ್ತ ಒಂದು ಸುತ್ತು ಮೂಸಿತು. ಸುಮ್ಮನೆ ವಾಪಸು ಬಂದು ಮಲಗಿತು. ಅಜ್ಜಿ ಬಾಯಿ ತೆರೆದವಳು ಮುಚ್ಚಲಿಲ್ಲ.

"ನೋಡ್ದ್ರಾ! ಒಂದು ಮಾತಿಲ್ಲ, ಕೋಲಿಲ್ಲ! ಇದಪ್ಪ ವಿದ್ಯೆ ಅಂದ್ರೆ!" ಅಂತ ಅಪ್ಪಯ್ಯ ಜಗಲಿಯಲ್ಲಿ ಕುಣಿಯುವುದೊಂದು ಬಾಕಿ.

ಅವನು ಮಾತ್ರ ಬೆವರುತ್ತಿದ್ದ. ಕಾಫಿ ಬಂತು, ಕುಡಿದ. ಒಳಬಾಗಿಲ ಕಡೆ ನೋಡಿದ, ನೆಲ ನೋಡಿದ, ಮತ್ತೆ ಒಳಬಾಗಿಲು ನೋಡಿದ. ಅಷ್ಟರಲ್ಲಿ ಅಪ್ಪಯ್ಯ ನಾಯಿಯನ್ನು ಕೊರಳು ಹಿಡಿದು ಎಳೆದು ತಂದು ಅವನ ಮುಂದೆ ನಿಲ್ಲಿಸಿ, "ಇದೇ ನೋಡಿ, ನೀವು ತಿದ್ದಬೇಕಾಗಿರೋದು" ಅಂದರು.

ಅವನು ನಾಯಿಯನ್ನು ನೋಡಿದ. ಕಾಲು ಮೇಲೆತ್ತಿ ಬೆಂಚಿನ ಮೇಲೆ ಇಟ್ಟುಕೊಂಡ. "ಗೌಡ್ರೆ, ನಾನು ಹುಡುಗಿ ನೋಡಕ್ಕೆ ಅಂತ ಬಂದಿದ್ದು" ಅಂದ.

ಅವನೇ ಮುಂದುವರಿಸಿದ. "ಮಿಲಿಟ್ರೀಲಿ ನಾನು ಲಾರಿ ಡ್ರೈವರ್. ನಾಯಿಗಳನ್ನ ಸಾಗ್ಸೋ ಲಾರಿ. ಒಂದಿನಾನೂ ಹಿಂದೆ ತಿರುಗಿ ನೋಡ್ದವ್ನಲ್ಲ. ನಂಗೆ ನಾಯಿ ಅಂದ್ರೆ ಹೆದ್ರಿಕೆ. ನಮ್ಮೂರೋರು ನಂಗೊಂದು ಹೆಣ್ಣು ಸಿಗ್ಲಿ ಅಂತ ಏನೋ ಹೇಳಿದಾರೆ, ಮನಸ್ಸಿಗೆ ಹಚ್ಕಬೇಡಿ." ಕಾಲು ಕೆಳಗಿಳಿಸಲು ನೋಡಿದ, ನಾಯಿ ಅಲ್ಲೇ ಇತ್ತು, ಮತ್ತೆ ಮೇಲಿಟ್ಟ.

ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಒತ್ತಿ ಹಿಡಿದರೂ ಹೊರಗೆ ಕೇಳಿಸಿತು. ಅವನು ಕತ್ತೆತ್ತಿ ನೋಡಿದ. ಪಾಪ, ಕಿವಿಯವರೆಗೆ ಕೆಂಪಾಗಿದ್ದ. ನನ್ನ ನಗು ಅಲ್ಲೇ ನಿಂತಿತು. ಇಷ್ಟವಾದ, ಸುಳ್ಳು ಯಾಕೆ ಹೇಳಲಿ.

ಅವನು ಹೋದ ಮೇಲೆ ಮೊದಲು ಮಾತಾಡಿದವಳು ಅಜ್ಜಿ. "ಈ ಜಗಲೀಲಿ ಕೂತು ತನ್ನ ಹುಳುಕು ತಾನೇ ಹೇಳ್ಕಂಡ ಗಂಡು ಇವ್ನೊಬ್ನೇ. ಇದು ಮೇಷ್ಟ್ರಾಗಕ್ಕೆ ಆಗಲ್ಲ, ಅಳಿಯ ಆಗಕ್ಕೆ ಅಡ್ಡಿಯಿಲ್ಲ." ಅಪ್ಪಯ್ಯ ಮತ್ತೆ ಆ ಹೋಟೆಲಿಗೆ ಹೋದರು, ಈ ಸಲ ನಿಜವಾಗಿಯೂ ಗಂಡನ್ನು ವಿಚಾರಿಸಲು. ಹೋಟೆಲಿನವರು ನಾಚಿಕೆಯಿಂದ, "ಹುಡ್ಗ ಒಳ್ಳೇವ್ನೇ ಗೌಡ್ರೆ, ನಾಯಿ ವಿಷ್ಯ ಒಂದು ಬಿಟ್ಟು" ಅಂದರಂತೆ.

ಮದುವೆ ಗೊತ್ತಾಯಿತು. ಆದರೆ ನಾಯಿಗೆ ಮೇಷ್ಟ್ರು ಸಿಗಲಿಲ್ಲ. ನನ್ನ ಗಂಡನಾಗುವವನಿಗೆ ನಾಯಿ ಕಂಡರೆ ಆಗದು, ನಾನಿಲ್ಲದ ಮನೆಯಲ್ಲಿ ಅದನ್ನು ನೋಡಿಕೊಳ್ಳುವವರಿಲ್ಲ. ಧಾರೆ ಮುಗಿದ ಮರುದಿನವೇ ಶಿಕಾರಿ ನೆಂಟ ಬಂದು ಕರೆದೊಯ್ಯುತ್ತಾನೆ ಅಂತ ನಿಶ್ಚಯವಾಯಿತು. ಮದುಮಗಳು ತವರು ಬಿಡುವುದಕ್ಕೆ ಅಳುತ್ತಿದ್ದಾಳೆ ಅಂತ ಎಲ್ಲರೂ ಸಮಾಧಾನ ಮಾಡಿದರು. ನಾನು ಅಳುತ್ತಿದ್ದದ್ದು ನಾಯಿಗೆ.

ಮದುವೆಯ ದಿನ ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಸರಿಯಾಗಿ ಧಾರೆಯ ಹೊತ್ತಿಗೆ ಹಗ್ಗ ಕಡಿದುಕೊಂಡು ಚಪ್ಪರದೊಳಗೆ ಬಂತು. ನೆಂಟರೆಲ್ಲ ಪಂಚೆ ಮಡಚಿ ಚಾಪೆಯ ಮೇಲೆ ಕೂತಿದ್ದರು. ಅಂಚು ಇಳಿಬಿಟ್ಟು ನಿಂತವನು ಮದುಮಗನೊಬ್ಬನೇ. ಅಂದು ಅವನು ಉಟ್ಟದ್ದು ಅಗಲ ಜರಿಯಂಚಿನ ರೇಷ್ಮೆ ಪಂಚೆ. ನಾಯಿ ಹಿಂದಿನಿಂದ ಹೋಗಿ ಹಿಡಿಯಿತು.

ಭಟ್ಟರ ಮಂತ್ರ ನಿಂತಿತು. "ಹಿಡೀತಲ್ರೋ!" ಅಂತ ಅಜ್ಜಿ ಕೂಗಿದಳು. ಅವನು ಕಲ್ಲಿನ ಹಾಗೆ ನಿಂತಿದ್ದ, ಒಂದು ಕೈಯಲ್ಲಿ ಸೊಂಟದ ಹತ್ತಿರ ಪಂಚೆ ಗಟ್ಟಿ ಹಿಡಿದುಕೊಂಡು. ಕತ್ತು ತಿರುಗಿಸದೆ ನನ್ನನ್ನು ಕೇಳಿದ. ನಮ್ಮಿಬ್ಬರ ನಡುವೆ ಅದೇ ಮೊದಲ ಮಾತು.

"ಕಚ್ತದಾ?"

"ಇಲ್ಲ. ಹಿಡೀತದೆ ಅಷ್ಟೆ."

"ಬಿಡ್ಸಾದು ಹೆಂಗೆ?"

ಮದುಮಗಳು ತಲೆ ಎತ್ತಬಾರದು, ದನಿ ಎತ್ತಬಾರದು. ಸಾಕು ಸಾಕಾಗಿತ್ತು ನನಗೆ. ಇಡೀ ಚಪ್ಪರಕ್ಕೆ ಕೇಳುವ ಹಾಗೆ "ಬಿಡು!" ಅಂದೆ. ನಾಯಿ ಬಿಟ್ಟಿತು. ಬಂದು ನನ್ನ ಕಾಲ ಬುಡದಲ್ಲಿ ಕೂತಿತು.

ಅಪ್ಪಯ್ಯ ನನ್ನನ್ನೇ ನೋಡುತ್ತಿದ್ದರು. ಮೂರು ತಾಲೂಕು ಅಲೆದ ಮುಖ ಅದು. "ನಾನು ಹೇಳಿದ್ದೆ ಅಪ್ಪಯ್ಯ. ಜಗಲಿಗೆ ಬರ್ಬೇಡ ಅಂದ್ರಿ" ಅಂದೆ. ಅವರು ಶಲ್ಯದಲ್ಲಿ ಮುಖ ಒರೆಸಿಕೊಂಡರು.

ಆಗ ಮಾತು ತೆಗೆದವನು ಮದುಮಗ. "ಗೌಡ್ರೆ, ನಾಯೀನೂ ಕಳ್ಸಿಕೊಡಿ. ಬಿಡ್ಸೋರು ಹೆಂಗೂ ನಮ್ಮನೇಲೇ ಇರ್ತಾರಲ್ಲ."

ನಮ್ಮ ಯಜಮಾನರಿಗೆ ಆಗ ಜೋಗದ ಕರೆಂಟು ಕೆಲಸದಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತ್ತು. ಸಂಸಾರ ಹೂಡಲು ನಾವು ಹೊರಟದ್ದೂ ಲಾರಿಯಲ್ಲೇ. ಮುಂದೆ ನಾವಿಬ್ಬರು, ಹಿಂದೆ ಪಾತ್ರೆಪಗಡಿಯ ನಡುವೆ ನಾಯಿ. ಜೋಗ ಮುಟ್ಟುವವರೆಗೆ ಅವರು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಆ ನಾಯಿ ಇರುವಷ್ಟು ಕಾಲ ಮನೆಯಲ್ಲಿ ಮಲಗುವಾಗಲೂ ಪ್ಯಾಂಟೇ ಹಾಕುತ್ತಿದ್ದರು.