ಹೇನು ನೋಡುವ ಸರದಿ

ಅಜ್ಜ ಬಲೆ ಬೀಸಿ ಕೋತಿ ಹಿಡಿದವನು. ಅಪ್ಪ ಮೃಗಾಲಯದಲ್ಲಿ ಮೂವತ್ತು ವರ್ಷ ಅವುಗಳ ಹೊಟ್ಟೆ ನೋಡಿಕೊಂಡವನು. ಅಪ್ಪನ ಕೆಲಸವೇ ಮಗಳ ಕೈಗೆ ಬಂತು.

ಅಂದು ಮುದಿ ಕೋತಿಯ ಹೆಗಲ ಗಾಯದಲ್ಲಿ ಕೀವು ತುಂಬಿತ್ತು. ಮತ್ತು ಬರಿಸುವ ಸೂಜಿ ಹೊಡೆದರೆ ಆ ವಯಸ್ಸಿಗೆ ಮತ್ತೆ ಏಳುವುದೇ ಅನುಮಾನ. ಡಾಕ್ಟರು ಸೂಜಿ ಬಂದೂಕು ಎತ್ತುವಷ್ಟರಲ್ಲಿ ಅವಳು ಬೋನಿನೊಳಗೆ ಕೂತು, ಜಡೆ ಬಿಚ್ಚಿ ತಲೆ ತಗ್ಗಿಸಿಬಿಟ್ಟಳು. ಕೋತಿ ಹತ್ತಿರ ಬಂದು, ಇಲ್ಲದ ಹೇನನ್ನು ಸಾವಧಾನವಾಗಿ ಹುಡುಕಿತು. ಆಮೇಲೆ, ಇನ್ನು ನಿನ್ನ ಸರದಿ ಎಂಬಂತೆ ಬೆನ್ನು ಕೊಟ್ಟು ಕೂತಿತು. ಅವಳು ಕೂದಲು ಸರಿಸುತ್ತಾ ಗಾಯ ತೊಳೆಯತೊಡಗಿದಳು.

“ಕಚ್ಚೀತು ಕಣಮ್ಮಾ! ಅದನ್ನ ಹಿಡ್ಕೊಳ್ಳೋಕೆ ಇಬ್ಬರನ್ನ ಒಳಗೆ ಕಳಿಸ್ಲಾ?” ಎಂದರು ಡಾಕ್ಟರು.

“ಯಾರೂ ಬೇಡ ಸ್ವಾಮಿ. ನಾವು ಕೋಟಿ ವರ್ಷದ ದಾಯಾದಿಗಳು, ಒಬ್ಬರ ತಲೆ ಒಬ್ಬರು ನೋಡ್ಕೋತೀವಿ. ನೀವು ಬಂದೂಕು ಇಳಿಸಿ, ಬಾಗ್ಲು ಹಾಕಿ!”